ನಕಲು ಎಂದು ಬೈಯುವ ಮೊದಲು ಚಿತ್ರವನ್ನೊಮ್ಮೆ ನೋಡಿ

ನಿನ್ನೆ ಸಂಜೆ ನಮ್ಮ ಕಲಬುರಗಿಯಲ್ಲಿ ನಡೆದ ಸಿನಿಮಾ ಸಂವಾದವೊಂದರಿಂದ ತಲೆಬಿಸಿ ಮಾಡಿಕೊಂಡು ಮನೆಗೆ ಬಂದೆ. ಹಿಚ್‌ಕಾಕ್ ಅವರ 1960ರ 'ಸೈಕೋ' ಚಿತ್ರವನ್ನು 1998ರಲ್ಲಿ ಗಸ್ ವಾನ್ ಸಾಂಟ್ ಮತ್ತೆ ತೆಗೆದದ್ದರ ಬಗ್ಗೆ ಚರ್ಚೆ. ವೇದಿಕೆಯಲ್ಲಿದ್ದ ಹಿರಿಯರು ಒಂದೇ ಮಾತನ್ನು ತಿರುವಿ ತಿರುವಿ ಹೇಳಿದರು: ಇದು ಯಥಾವತ್ತು ನಕಲು, ಆದ್ದರಿಂದ ವ್ಯರ್ಥ. ಚಿತ್ರ ಬಂದಾಗ ಅಮೆರಿಕದ ವಿಮರ್ಶಕರಲ್ಲಿ ಬಹಳಷ್ಟು ಮಂದಿ ಬರೆದದ್ದೂ ಇದನ್ನೇ. ಕಳಪೆ ಚಿತ್ರಗಳನ್ನು ಗೇಲಿ ಮಾಡುವ ರಾಝಿ ಪ್ರಶಸ್ತಿಯನ್ನೂ ನಿರ್ದೇಶಕರ ಕೊರಳಿಗೆ ಕಟ್ಟಿದರು.

ನಾನು ರೀಮೇಕ್‌ಗಳ ವಕೀಲನಲ್ಲವೆಂಬುದು ನಿಮಗೆ ಗೊತ್ತೇ ಇದೆ. ಈ ಚಿತ್ರ ನನಗೂ ಹಿಡಿಸಿಲ್ಲ. ಆದರೆ ಅದು ಸೋತಿರುವುದು ಮೂಲವನ್ನು ಬಿಟ್ಟು ಸರಿದ ಜಾಗಗಳಲ್ಲಿ, ಮತ್ತು ಆ ಜಾಗಗಳನ್ನು ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ಹಳೆಯ ಚಿತ್ರದಲ್ಲಿ ವಸತಿಗೃಹದ ಯಜಮಾನ ನಾರ್ಮನ್, ತಂಗಲು ಬಂದ ಹೆಣ್ಣನ್ನು ಗೋಡೆಯ ಕಿಂಡಿಯಿಂದ ಇಣುಕಿ ನೋಡುವಾಗ ಅವನ ಕಣ್ಣು ತೆರೆಯ ತುಂಬ ಕಾಣುತ್ತದೆ, ಅಷ್ಟೆ. ಅವನ ಮನಸ್ಸಿನಲ್ಲಿ ಏನಿದೆಯೆಂಬುದನ್ನು ನಾವೇ ತುಂಬಿಕೊಳ್ಳಬೇಕು. ಹೊಸ ಚಿತ್ರ ಅಲ್ಲಿ ಅವನ ಕಾಮವನ್ನು ಬಯಲು ಮಾಡುವ ಸದ್ದೊಂದನ್ನು ಸೇರಿಸಿ ಎಲ್ಲವನ್ನೂ ಹೇಳಿಬಿಡುತ್ತದೆ, ನಮ್ಮ ಅನುಮಾನಕ್ಕೆ ಕೆಲಸವೇ ಉಳಿಯುವುದಿಲ್ಲ. ಸ್ನಾನದ ಮನೆಯ ಕೊಲೆಯ ನಡುವೆ ತೇಲಿಬರುವ ಮೋಡಗಳೂ ಮೂಲದಲ್ಲಿಲ್ಲ. ಯಥಾವತ್ತಂತೆ!

ಇನ್ನು ನಟರ ಮಾತು. ಕೊಲೆಯಾದವಳ ಕಾರನ್ನು ನಾರ್ಮನ್ ಕೆಸರಿಗೆ ತಳ್ಳಿ, ಅದು ಅರ್ಧ ಮುಳುಗಿ ನಿಂತಾಗ, ಬಾಯಲ್ಲಿ ಏನನ್ನೋ ಜಗಿಯುತ್ತ ಸುತ್ತಮುತ್ತ ನೋಡುವ ಆ ಬಡಕಲು, ಸಂಕೋಚದ ಹುಡುಗ, ಹಳೆಯ ಚಿತ್ರದ ನಾರ್ಮನ್ ಆಂಟನಿ ಪರ್ಕಿನ್ಸ್‌ನನ್ನು ಕಂಡು, ಅದು ಬೇಗ ಮುಳುಗಲಿ ಎಂದು ನಾವೇ ಹಾರೈಸುತ್ತೇವೆ. ಅಲ್ಲಿಗೆ ನಾವೂ ಅಪರಾಧದಲ್ಲಿ ಪಾಲುದಾರರು. ಅಗಲ ಮೈಕಟ್ಟಿನ, ಕಿಸಕ್ಕೆಂದು ನಗುವ ಹೊಸ ನಾರ್ಮನ್ ವಿನ್ಸ್ ವಾನ್‌ನನ್ನು ನಾವು ಮೊದಲ ನೋಟಕ್ಕೇ ನಂಬುವುದಿಲ್ಲವಾದ್ದರಿಂದ ಆ ಪಾಲುದಾರಿಕೆ ಹುಟ್ಟುವುದೇ ಇಲ್ಲ. ಸಂಭಾಷಣೆ ಹೆಚ್ಚುಕಡಿಮೆ ಅದೇ, ಕ್ಯಾಮೆರಾ ನಿಂತ ಜಾಗವೂ ಅದೇ, ಭಯ ಮಾತ್ರ ಇಲ್ಲ. ಇದಕ್ಕಿಂತ ರುಚಿಕಟ್ಟಾದ ವಿಷಯ ವಿಮರ್ಶಕನಿಗೆ ಇನ್ನೇನು ಬೇಕು?

ಮೂಲವನ್ನು ನೆನೆಯದೆ ರೀಮೇಕ್ ಬಗ್ಗೆ ಮಾತಾಡುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಬೇಡವೆಂದವರು ಯಾರು? ನೆನೆಯಿರಿ, ಆರತಿ ಎತ್ತಬೇಡಿ. ಆ ಮೂಲಕ್ಕೂ ಮೊದಲ ದಿನವೇ ಎಲ್ಲರ ಆರತಿ ಸಿಕ್ಕಿರಲಿಲ್ಲ; ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಬಾಸ್ಲಿ ಕ್ರೌದರ್ ಕೂಡ ಮೊದಲು ಹಿಚ್‌ಕಾಕ್ ಚಿತ್ರದ ಬಗ್ಗೆ ಅರೆಮನಸ್ಸಿನಿಂದ ಬರೆದು, ವರ್ಷದ ಕೊನೆಗೆ ಅದನ್ನೇ ಅತ್ಯುತ್ತಮ ಹತ್ತರಲ್ಲಿ ಸೇರಿಸಿದವರು.

ಸಭೆ ಮುಗಿದ ಮೇಲೆ ಅದೇ ಹಿರಿಯರು 'ಆಪ್ತಮಿತ್ರ'ವನ್ನು ಬಾಯ್ತುಂಬ ಹೊಗಳುತ್ತಿದ್ದರು. ಅದೂ 1993ರ ಮಲಯಾಳಂ 'ಮಣಿಚಿತ್ರತಾಳ್' ಚಿತ್ರದ ರೀಮೇಕ್ ಅಲ್ಲವೇ ಸರ್ ಎಂದೆ. "ಅದು ಬ್ಯಾರೆ ಬಿಡ್ರಿ" ಎಂದು ಮಿರ್ಚಿ ಭಜಿಗೆ ಕೈ ಹಾಕಿದರು. ಹೇಗೆ ಬೇರೆ ಎಂದು ಬಿಡದೆ ಕೇಳಿದಾಗ, "ಸೌಂದರ್ಯಾನ ಕಣ್ಣ ನೋಡ್ರಿ, ಹೆದರಿಕಿನೂ ಆಗ್ತದ, ಪಾಪನೂ ಅನಸ್ತದ" ಎಂದರು. ಈ ಒಂದು ಮಾತನ್ನು ವೇದಿಕೆಯ ಮೇಲೆ ಪರ್ಕಿನ್ಸ್ ಬಗ್ಗೆ ಹೇಳಿದ್ದರೆ ನಾನು ಇಷ್ಟುದ್ದ ಬರೆಯಬೇಕಾಗಿರಲಿಲ್ಲ.