‘ಈಗ ನೆನಪಾತೇನಪಾ ಸಾಲಿ?’

ಕುಷ್ಟಗಿ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತಿದ್ದೆ. ದೀಪಾವಳಿ ಮುಗಿಸಿ ಅಪ್ಪ-ಅವ್ವನ ಜೋಡಿ ಬೆಂಗಳೂರಿಗೆ ಗುಳೆ ಹೋಗಿದ್ದ ಹುಡುಗನೊಬ್ಬ, ಯುಗಾದಿ ಹತ್ತಿರ ಬಂದಾಗ ಶಾಲೆಗೆ ಬಂದ. ಬಾಗಿಲಲ್ಲಿ ನಿಂತು ‘ಒಳಗ ಬರ್ಲೇನ್ರಿ ಸರ್?’ ಅಂದ. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತದೆ, ‘ಈಗ ನೆನಪಾತೇನಪಾ ಸಾಲಿ?’ ಅಂದೆ. ಇಡೀ ಕ್ಲಾಸು ನಕ್ಕಿತು. ಅವನು ಹೋಗಿ ಗ್ವಾಡಿಗೆ ಆತು ಕುಂತ. ನಾಲ್ಕು ದಿನ ಬಂದ, ಐದನೇ ದಿನ ಬರಲಿಲ್ಲ.

ಮನೆಗೆ ಹೋದೆ. ಅವರ ಅಜ್ಜಿ, ‘ಸರ್ ಎಲ್ಲಾರ ಮುಂದ ನಗಿಸಿದ್ರು ಅಂತಾನ್ರಿ, ಒಲ್ಲೆ ಅಂತ ಹಟ ಹಿಡದಾನ’ ಅಂದರು. ನನಗೆ ಆ ಮಾತು ನೆನಪೇ ಇರಲಿಲ್ಲ. ಗುಳೆ ಹೋಗುವುದು ಹತ್ತು ವರ್ಷದ ಹುಡುಗನ ತೀರ್ಮಾನವಲ್ಲ, ಅಲ್ಲಿ ಶೆಡ್ಡಿನಲ್ಲಿ ತಂಗಿಯನ್ನು ಆಡಿಸಿಕೊಂಡಿದ್ದವನು ಅವನೇ. ಇದೆಲ್ಲ ಗೊತ್ತಿದ್ದೂ ನನ್ನ ಬಾಯಿಗೆ ಬಂದಿದ್ದು ಆ ಮಾತು.

ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. ಅದರ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೋಲಿನ ಬಗ್ಗೆ ನಾವು ಶಿಕ್ಷಕರು ಸಾಕಷ್ಟು ಚರ್ಚೆ ಮಾಡಿದ್ದೇವೆ, ನಾಲಿಗೆಯ ಬಗ್ಗೆ ಮಾಡಿಲ್ಲ. ‘ನಮ್ಮ ಕಡಿ ಮಾತೇ ಹಂಗ್ರಿ, ಪ್ರೀತಿಲೇ ಬೈತೀವಿ’ ಅನ್ನುತ್ತಾರೆ. ‘ಲೇ’ ನಮ್ಮಲ್ಲಿ ಪ್ರೀತಿಯ ಮಾತೂ ಹೌದು, ಅದರ ಬಗ್ಗೆ ನನ್ನ ತಕರಾರಿಲ್ಲ. ‘ಮಬ್ಬ’, ‘ನಿಮ್ಮಣ್ಣನೂ ಹಿಂಗ ಇದ್ದ’, ‘ನೀ ಕುರಿ ಕಾಯಾಕ ಲಾಯಕ್ಕು’, ಇವುಗಳ ಬಗ್ಗೆ ಇದೆ. ಕುರಿ ಕಾಯುವವರ ಮಕ್ಕಳೇ ಎದುರಿಗೆ ಕುಂತಿರುತ್ತಾರೆ. ಒಂದೇ ಮಾತಿನಲ್ಲಿ ಮಗುವನ್ನೂ ಅದರ ಅಪ್ಪನನ್ನೂ ಕೆಳಗಿಳಿಸಿರುತ್ತೇವೆ. ಅಂಥ ಮಗು ಆಮೇಲೆ ಹಿಂದೆ ಕುಂತು ಗದ್ದಲ ಮಾಡಿದರೆ ‘ಶಿಸ್ತಿಲ್ಲ’ ಅಂತ ನಾವೇ ಹೇಳುತ್ತೇವೆ.

ಇನ್ನೊಂದು ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ‘ನೀರು ಆವಿ ಆಗಿ ಮ್ಯಾಲ ಹೊಕ್ಕೈತ್ರಿ’ ಅಂತ ಹುಡುಗಿ ಸರಿಯಾಗಿಯೇ ಹೇಳುತ್ತಾಳೆ. ನಾವು ‘ಹೊಕ್ಕೈತಿ ಅಲ್ಲ, ಹೋಗುತ್ತದೆ ಅನ್ನು’ ಎಂದು ತಿದ್ದುತ್ತೇವೆ. ಆಕೆಗೆ ಕೇಳಿಸಿದ್ದು ತನ್ನ ಉತ್ತರ ತಪ್ಪು ಅಂತ. ಪುಸ್ತಕದ ಕನ್ನಡ ಬೇಕು, ಪರೀಕ್ಷೆ ಬರೆಯುವುದು ಅದರಲ್ಲೇ. ಆದರೆ ಮೊದಲು ‘ಹೌದವ್ವಾ, ಖರೆ ಐತಿ’ ಅಂದು, ಆಮೇಲೆ ಪುಸ್ತಕದಲ್ಲಿ ಹೇಗೆ ಬರೆಯುತ್ತೇವೆ ಅಂತ ಬೋರ್ಡಿನ ಮೇಲೆ ತೋರಿಸಿದರೆ ಎರಡೂ ಉಳಿಯುತ್ತವೆ.

ದಿನಕ್ಕೆ ಎಷ್ಟು ಸಲ ‘ಎಲ್ಲಾರಿಗೂ ತಿಳೀತಿಲ್ಲೋ?’ ಅನ್ನುತ್ತೇವೆ! ‘ತಿಳೀತ್ರೀ ಸರ್’ ಅಂತ ರಾಗ ಬರುತ್ತದೆ. ತಿಳಿಯದವರ ದನಿಯೂ ಅದರಲ್ಲೇ ಇರುತ್ತದೆ. ಒಂದು ದಿನ ಭಾಗಾಕಾರ ಮುಗಿಸಿ ‘ಇದ್ರಾಗ ಎಲ್ಲಿ ತ್ರಾಸಾತು?’ ಅಂತ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಂದು ಕೈ, ಅದನ್ನು ನೋಡಿ ಮತ್ತೆ ಏಳೆಂಟು. ಸೊನ್ನೆ ಎಲ್ಲಿ ಇಡಬೇಕು ಅನ್ನುವುದೇ ಅರ್ಧ ಕ್ಲಾಸಿಗೆ ಗೊತ್ತಿರಲಿಲ್ಲ.

ಸುಮ್ಮನಿರುವುದೂ ಮಾತಿನ ಭಾಗವೇ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸದೆ ಉಳಿಯುವುದು ಕಡಿಮೆಯಾಯಿತು. ಮನೆಮಾತಿನಿಂದ ಪುಸ್ತಕದ ಮಾತಿಗೆ ದಾಟಬೇಕಾದ ನಮ್ಮ ಮಕ್ಕಳಿಗೆ ಆ ಹೊತ್ತು ಇನ್ನೂ ಹೆಚ್ಚು ಬೇಕು. ಹಿಂದಿನಿಂದ ಯಾರೋ ಉತ್ತರ ಕೂಗುವ ಮೊದಲೇ ನಾನು ಈಗ ಕೈ ಅಡ್ಡ ಹಿಡಿಯುತ್ತೇನೆ.

ಆ ಹುಡುಗನ ಮನೆಯಲ್ಲಿ, ಅಜ್ಜಿಯ ಎದುರಿಗೇ, ‘ತಪ್ಪಾತಪ್ಪಾ ನಂದು, ನಾ ಹಂಗ ಅನಬಾರದಿತ್ತು’ ಅಂದೆ. ಅವನು ಏನೂ ಅನ್ನಲಿಲ್ಲ, ಸೋಮವಾರ ಶಾಲೆಗೆ ಬಂದ. ಮುಂದೆ ಆರನೇ ತರಗತಿಗೂ ಬಂದ. ನಾನು ಪ್ರಶ್ನೆ ಕೇಳಿದಾಗ ಅವನ ಕೈ ಮೇಲೇಳಲು ಆಗಸ್ಟ್ ತಿಂಗಳವರೆಗೆ ಕಾಯಬೇಕಾಯಿತು.