ಸತ್ಯಾಂಶ: ಆಗಸ್ಟ್ 27ಕ್ಕೆ ಎರಡು ಚಂದ್ರ ಕಾಣುವುದಿಲ್ಲ

‘ಆಗಸ್ಟ್ 27ರ ರಾತ್ರಿ ಮಂಗಳ ಗ್ರಹ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ’ ಎಂಬ ಮೆಸೇಜ್ ನಮ್ಮ ಹಾಸನದ ಗ್ರೂಪ್‌ಗಳಲ್ಲೂ ಓಡಾಡುತ್ತದೆ. ಇದು ಸುಳ್ಳು.

2003ರ ಆಗಸ್ಟ್ 27ರಂದು ಮಂಗಳ ತುಂಬಾ ಹತ್ತಿರ ಬಂದಿದ್ದು ನಿಜ. ಹತ್ತಿರ ಅಂದರೂ ಸುಮಾರು 5.6 ಕೋಟಿ ಕಿಲೋಮೀಟರ್! ಚಂದ್ರ ಇರುವುದು ಬರೀ 3.84 ಲಕ್ಷ ಕಿಲೋಮೀಟರ್ ದೂರದಲ್ಲಿ. ‘75 ಪಟ್ಟು ದೊಡ್ಡದು ಮಾಡುವ ಟೆಲಿಸ್ಕೋಪ್‌ನಲ್ಲಿ ನೋಡಿದರೆ, ಬರಿಗಣ್ಣಿಗೆ ಕಾಣುವ ಚಂದ್ರನಷ್ಟು’ ಎಂಬುದು ಆಗಿನ ಮಾತು. ಫಾರ್ವರ್ಡ್ ಆಗುತ್ತಾ ಟೆಲಿಸ್ಕೋಪ್ ಬಿಟ್ಟುಹೋಯಿತು, ಅಷ್ಟೇ.

ನಮ್ಮ ಹಿತ್ತಲಲ್ಲಿ ತೆಂಗಿನ ಗರಿಗಳ ಸಂದಿಯಿಂದ ಟೆಲಿಸ್ಕೋಪ್ ತಿರುಗಿಸಿದರೆ ಮಂಗಳ ಸಣ್ಣ ಕಿತ್ತಳೆ ಬಿಲ್ಲೆ. ಕೊಳವೆಯೆಲ್ಲ ಇಬ್ಬನಿಯಿಂದ ಒದ್ದೆ. ಗಾಳಿ ನಿಂತಾಗ ಅಂಚಿನಲ್ಲಿ ಬಿಳಿ ಚುಕ್ಕೆ ಕಾಣುತ್ತದೆ, ಅದು ಧ್ರುವದ ಹಿಮ! ಎಷ್ಟು ಚೆಂದ ಗೊತ್ತಾ? ಆಗಸ್ಟ್‌ನಲ್ಲಿ ಇಲ್ಲಿ ಮೋಡ ಜಾಸ್ತಿ. ಮಂಗಳ ಮತ್ತೆ ಚೆನ್ನಾಗಿ ಕಾಣುವುದು 2027ರ ಫೆಬ್ರವರಿಯಲ್ಲಿ.