ಗಂಡಸರ ಮೇಲಿನ ಸಿಟ್ಟು ಹೆಂಗಸರನ್ನು ಒಂದು ಮಾಡಬಹುದೇ? ಪರ-ವಿರೋಧ

ಪರ: ಸಿಟ್ಟು ಬೇಕು, ಒಟ್ಟಾಗಿಯೇ ಬೇಕು

ಸಿಟ್ಟು ಮಾಡಿಕೊಂಡ ಹೆಂಗಸನ್ನು ಕಂಡರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಸ್ವಲ್ಪ ತಾಳ್ಕೋಬೇಕಮ್ಮ". ತಾಳಿಕೊಂಡು ಏನು ಸಿಕ್ಕಿತು ಅಂತ ಯಾರಾದರೂ ಲೆಕ್ಕ ಕೊಡಲಿ ನೋಡೋಣ.

ಆಸ್ತಿಯ ವಿಷಯವನ್ನೇ ತಗೊಳ್ಳಿ. ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆಯನ್ನೂ ಅಳಿಸಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನೇನು ಬೇಕು, ಅಲ್ವಾ? ಈಗ ಯಾವುದಾದರೂ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅರ್ಧ ದಿನ ಕೂತು ಬನ್ನಿ. ಬೆಂಚಿನ ಮೇಲೆ ಅಕ್ಕತಂಗಿಯರು ಆಧಾರ್ ಝೆರಾಕ್ಸ್ ಹಿಡಿದು ಕೂತಿರುತ್ತಾರೆ. ಅಣ್ಣನೇ ಕಾರು ಮಾಡಿ ಕರೆತಂದಿರುತ್ತಾನೆ. ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಹಕ್ಕು ಬಿಡುಗಡೆ ಪತ್ರದಲ್ಲಿ ಏನು ಬರೆದಿದೆ ಅಂತ ಅವರಿಗೆ ಓದಿ ಹೇಳುವವರು ಕಡಿಮೆ. ಒಳಗೆ ಹೋಗಿ ಫೋಟೊ ತೆಗೆಸಿ, ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ ಬರುತ್ತಾರೆ. ಆಮೇಲೆ ಹೋಟೆಲಿನಲ್ಲಿ ಊಟ, ಹೊರಡುವಾಗ ಒಂದು ಸೀರೆ. ಸಹಿ ಹಾಕದಿದ್ದರೆ ಏನಾಗುತ್ತೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದಿಲ್ಲ, ಅಷ್ಟೇ.

ಆ ಅಣ್ಣ ಕೆಟ್ಟವನೇ ಆಗಿರಬೇಕಿಲ್ಲ. ತಂಗಿಯ ಬಾಣಂತನಕ್ಕೆ ಓಡಾಡಿದವನೇ ಇರಬಹುದು. ಆದರೂ ಎರಡು ಎಕರೆ ತನ್ನದು ಅಂತ ಅವನು ಯಾರನ್ನೂ ಕೇಳಬೇಕಾಗಿ ಬರಲಿಲ್ಲ ನೋಡಿ, ನನಗೆ ಸಿಟ್ಟು ಬರುವುದು ಅಲ್ಲಿ. ಒಬ್ಬಳೇ ತಂಗಿ ಪಾಲು ಕೇಳಿದರೆ ಊರೆಲ್ಲ ಅವಳನ್ನು ದುರಾಸೆಯವಳು ಅನ್ನುತ್ತದೆ. ಮೂವರು ಅಕ್ಕತಂಗಿಯರು ಒಟ್ಟಿಗೆ ಕೂತು "ನಾವು ಸಹಿ ಹಾಕಲ್ಲ" ಅಂದರೆ ಅಣ್ಣ ಮಾತಿಗೆ ಕೂರಲೇಬೇಕು. ಒಗ್ಗಟ್ಟಿನ ಬೆಲೆ ಏನು ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ಗಂಡಸರ ಅನುಕೂಲಕ್ಕೆ ಸ್ವಲ್ಪ ಧಕ್ಕೆ ಬರುತ್ತೆ ಅಂದರೆ ಎಷ್ಟು ಬೇಗ ಕೆಲಸ ಆಗುತ್ತೆ ಗೊತ್ತಾ? 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತು. ಬೆಂಗಳೂರಿನ ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಅಂತ ಆದೇಶದಲ್ಲೇ ಬರೆದಾಗಿತ್ತು. ಯಾವ ಗಂಡಸೂ ಅದಕ್ಕಾಗಿ ರಸ್ತೆಯಲ್ಲಿ ಕೂರಬೇಕಾಗಲಿಲ್ಲ.

ಹೆಂಗಸರು ಕೂರಬೇಕಾಯಿತು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ (ಭವಿಷ್ಯ ನಿಧಿ) ನಿಯಮ ಬದಲಿಸಿತು. ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರು ಉಳಿಯುತ್ತಾರೆ? ಬೆನ್ನು, ಕಣ್ಣು ಅದಕ್ಕೆ ಎಷ್ಟೋ ಮೊದಲೇ ಸೋತಿರುತ್ತವೆ. ಆ ಪಿಎಫ್ ದುಡ್ಡು ಅಂದರೆ ಮಗಳ ಕಾಲೇಜು ಫೀಸು, ಸಾಲ ತೀರಿಸುವ ದಾರಿ, ಗಂಡನ ಕೈಗೆ ಸಿಗದೆ ಉಳಿದ ಒಂದೇ ಒಂದು ಗಂಟು. ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಮಷೀನು ಬಿಟ್ಟು ಎದ್ದರು. ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ನಿಂತವು. ದೊಡ್ಡ ಲೀಡರು ಯಾರೂ ಕರೆ ಕೊಟ್ಟಿರಲಿಲ್ಲ. ಮರುದಿನ ಸಂಜೆಗೆ ಕೇಂದ್ರ ಆ ನಿಯಮವನ್ನೇ ವಾಪಸ್ ತಗೊಂಡಿತು. ಲೈನಿನಲ್ಲಿ ಕೂತಾಗ ತಲೆಯ ಮೇಲೆ ನಿಂತು ಪ್ರೊಡಕ್ಷನ್ ಕೇಳುವ, ಟಾಯ್ಲೆಟ್ಟಿಗೆ ಎದ್ದರೆ ಗಡಿಯಾರ ನೋಡುವ, ಏಕವಚನದಲ್ಲಿ ಬೈಯುವ ಸೂಪರ್‌ವೈಸರು ಹೆಚ್ಚಿನ ಕಡೆ ಗಂಡಸೇ. ವರ್ಷಗಟ್ಟಲೆ ಅದನ್ನು ಒಟ್ಟಿಗೆ ನುಂಗಿಕೊಂಡವರಿಗೆ ಒಟ್ಟಿಗೆ ಏಳುವುದು ಕಷ್ಟ ಆಗಲಿಲ್ಲ. ಈ ಸಿಟ್ಟನ್ನು ಬಿಡಿ ಅಂತ ಹೇಳುವವರು ಆ ಹೆಂಗಸರ ಕೈಗೆ ಬದಲಿಗೆ ಏನು ಕೊಡುತ್ತಾರೆ ಅಂತ ಮೊದಲು ಹೇಳಲಿ.

ವಿರೋಧ: ಒಗ್ಗಟ್ಟು ಬೇಕು, ಈ ತಳಪಾಯ ಬೇಡ

ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದ ಆ ಎರಡು ದಿನಗಳ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಅಲ್ಲಿ ಸಿಟ್ಟು ಯಾರ ಮೇಲಿತ್ತು? ದೆಹಲಿಯಲ್ಲಿ ಹೊರಡಿಸಿದ ಒಂದು ನಿಯಮದ ಮೇಲೆ. ಅದೇ ಫ್ಯಾಕ್ಟರಿಗಳ ಕಟಿಂಗ್, ಐರನಿಂಗ್ ಸೆಕ್ಷನ್ನಿನ ಗಂಡಸರ ಪಿಎಫ್ ದುಡ್ಡೂ ಆ ನಿಯಮಕ್ಕೇ ಸಿಕ್ಕಿಬಿದ್ದಿತ್ತು. ಹೆಂಗಸರು ಮುಂದೆ ನಿಂತರು, ನಿಜ. ಅವರು ಗೆದ್ದದ್ದು, ಕೇಳಿದ ಬೇಡಿಕೆ ಸ್ಪಷ್ಟವಾಗಿದ್ದರಿಂದ. ಮಾರನೇ ದಿನ ಮತ್ತೆ ಅದೇ ಸೂಪರ್‌ವೈಸರ್ ಕೆಳಗೇ ಕೂತರು ಅನ್ನುವುದನ್ನೂ ಸೇರಿಸಿ ಹೇಳಬೇಕು.

ಹೆಂಗಸು ಅಂದ ಮಾತ್ರಕ್ಕೆ ಹೆಂಗಸಿನ ಜೊತೆ ನಿಲ್ಲುತ್ತಾಳೆ ಅನ್ನುವುದು ಎಷ್ಟು ಮನೆಗಳಲ್ಲಿ ನಿಜ? ಮನೆಗೆಲಸದವಳಿಗೆ ಬಾಲ್ಕನಿಯ ಮೂಲೆಯಲ್ಲಿ ಬೇರೆ ಲೋಟ ಇಡುವುದು ಯಜಮಾನನಲ್ಲ, ಯಜಮಾನಿ. ಆ ಲೋಟವನ್ನು ಕೆಲಸದವಳೇ ತೊಳೆದು ಅವಳೇ ಅಲ್ಲಿಡಬೇಕು. ಜಾತಿ ಕೇಳಿಯೇ ಅಡುಗೆಗೆ ಇಟ್ಟುಕೊಳ್ಳುವುದೂ ಯಜಮಾನಿಯೇ. ಯಜಮಾನಿ ಮಾರ್ಚ್ 8ರ ಮಹಿಳಾ ದಿನಕ್ಕೆ ಆಫೀಸಿನಲ್ಲಿ ಭಾಷಣ ಮಾಡಿ ಬರಬಹುದು, ಮನದುಂಬಿ ಮಾತಾಡಲೂಬಹುದು, ಆದರೆ ಆ ಹೊತ್ತಿಗೆ ಇವಳು ಅದೇ ಮನೆಯ ಪಾತ್ರೆ ತೊಳೆಯುತ್ತಿರುತ್ತಾಳೆ, ಒಂದು ದಿನ ರಜೆ ಹಾಕಿದರೆ ಸಂಬಳದಲ್ಲಿ ಹಿಡಿಯುತ್ತಾರೆ. "ಗಂಡಸರ ಮೇಲೆ ನಮ್ಮಿಬ್ಬರಿಗೂ ಸಿಟ್ಟಿದೆ, ಬಾ ಅಕ್ಕ ಒಂದಾಗೋಣ" ಅಂತ ಆಕೆ ಕರೆದರೆ ಇವಳು ಯಾಕೆ ಬರಬೇಕು?

ಇನ್ನೊಂದು ಕಡೆ ನೋಡಿ. ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸಾಯುವವರು ಗಂಡಸರು. ಹಾಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲೇ ಕಾಯ್ದೆ ಬಂತು, ಸಾವು ನಿಲ್ಲಲಿಲ್ಲ. ಆ ಗಂಡಸಿನ ಹೆಂಡತಿಗೆ "ನಿನ್ನ ಗಂಡನಿಗೆ ಗಂಡಸು ಅನ್ನುವ ಸವಲತ್ತಿತ್ತು" ಅಂತ ಯಾವ ಬಾಯಲ್ಲಿ ಹೇಳುವುದು? ಕುಡಿದು ಹೊಡೆದಿದ್ದರೆ ಅವಳಿಗೆ ಸಿಟ್ಟು ಬರುತ್ತೆ, ಬರಬೇಕು. ಆದರೆ ಅವಳು ಗುತ್ತಿಗೆದಾರನ ಮುಂದೆ ಪರಿಹಾರಕ್ಕೆ ನಿಂತಾಗ ಜೊತೆಗೆ ಬರುವುದು ಅವಳ ಮೈದುನ, ಅವಳ ಕೇರಿಯ ಗಂಡಸರು, ಹೆಂಗಸರು ಎಲ್ಲರೂ. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಪೊರಕೆ ಕೆಳಗಿಟ್ಟು ಕೂತಾಗ ಬೆಂಗಳೂರಿನಲ್ಲಿ ಮುಂದೆ ಇದ್ದವರು ಹೆಚ್ಚಾಗಿ ಹೆಂಗಸರು. ಕಸದ ಗಾಡಿಯ ಗಂಡಸರ ಬೇಡಿಕೆ ಬೇರೆ, ನಮ್ಮದು ಬೇರೆ ಅಂತ ಅವರು ಗೆರೆ ಎಳೆದಿದ್ದರೆ ಸರ್ಕಾರಕ್ಕೆ ಎಷ್ಟು ಸುಲಭ ಆಗುತ್ತಿತ್ತು!

ಆಸ್ತಿಯ ಮಾತು ಬಂತಲ್ಲ, ಅಲ್ಲೂ ಅಷ್ಟೇ. ತಂಗಿಗೆ ಪಾಲು ಕೊಡೋಣ ಅಂತ ಅಣ್ಣ ಅರೆಮನಸ್ಸು ಮಾಡಿದಾಗ "ನಮ್ಮ ಮಕ್ಕಳ ಗತಿ ಏನು?" ಅಂತ ಅತ್ತಿಗೆ ಅಡ್ಡ ಬರುವುದುಂಟು. ಆ ಅತ್ತಿಗೆ ತನ್ನ ತವರಿನಲ್ಲಿ ಆಗಲೇ ಸಹಿ ಹಾಕಿ ಬಂದಿರುತ್ತಾಳೆ! ಅವಳಿಗಿರುವ ನೆಲ ಗಂಡನ ನೆಲ ಒಂದೇ. ಅವಳನ್ನು ಬೈದು ಏನೂ ಪ್ರಯೋಜನ ಇಲ್ಲ. ಅಣ್ಣನ ಮೇಲೆ ಸಿಟ್ಟು ಮಾಡಿಕೊಂಡರೂ ಈ ಗಂಟು ಬಿಚ್ಚುವುದಿಲ್ಲ. ಬಿಡುಗಡೆ ಪತ್ರದ ಒಂದೊಂದು ಸಾಲನ್ನೂ ಓದಿ ಹೇಳದೆ ನೋಂದಣಿ ಮಾಡಬಾರದು, ಹೆಣ್ಣುಮಗಳನ್ನು ಒಬ್ಬಳೇ ಕೂರಿಸಿ ಒಪ್ಪಿಗೆ ಇದೆಯಾ ಅಂತ ಕೇಳಬೇಕು ಅಂತ ಹಟ ಹಿಡಿದು ಕೇಳೋಣ. ಅದಕ್ಕೆ ನಾದಿನಿ ಅತ್ತಿಗೆ ಇಬ್ಬರೂ ಬರುತ್ತಾರೆ, ಮನಸ್ಸಿರುವ ಅಣ್ಣಂದಿರೂ ಬರುತ್ತಾರೆ.

ಗಂಡಸರು ಜೊತೆ ನಿಂತದ್ದಕ್ಕೆ ನಮ್ಮ ಚಳವಳಿಯಲ್ಲೇ ಉದಾಹರಣೆ ಇದೆ. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಆರೋಪ ಹೊತ್ತಿದ್ದ ಪೊಲೀಸರನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಬಿಡುಗಡೆ ಮಾಡಿದಾಗ, ಮರುವರ್ಷ ಆ ತೀರ್ಪನ್ನು ಪ್ರಶ್ನಿಸಿ ನಾಲ್ವರು ಕಾನೂನು ಪ್ರಾಧ್ಯಾಪಕರು ಬಹಿರಂಗ ಪತ್ರ ಬರೆದರು. ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್ ಜೊತೆಗೆ ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್ ಕೂಡ ಸಹಿ ಹಾಕಿದ್ದರು. ಅದನ್ನು ಹಿಡಿದು ದೇಶದ ಹೆಣ್ಣುಮಕ್ಕಳು ಬೀದಿಗಿಳಿದರು. 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು.

2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಅಂತ ರಾಯಚೂರು ಕಡೆಯ ಹೆಂಗಸರೂ ಸೇರಿ ಸಾವಿರಾರು ಜನ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಕುಡಿದು ಹೊಡೆಯುವ ಗಂಡನ ಮೇಲಿನ ಸಿಟ್ಟು ಅವರಿಗೆ ನಮಗಿಂತ ಜಾಸ್ತಿಯೇ ಇತ್ತು. ಆ ಸಿಟ್ಟನ್ನು ಗಂಡನ ಮೇಲೆ ತೀರಿಸಿಕೊಂಡರೆ ಹಳ್ಳಿಯ ಮದ್ಯದ ವ್ಯಾಪಾರ ನಿಲ್ಲುವುದಿಲ್ಲ ಅಂತ ಗೊತ್ತಿದ್ದೇ ಅವರು ವಿಧಾನಸೌಧದ ದಾರಿ ಹಿಡಿದದ್ದು. ನಿಷೇಧ ಇನ್ನೂ ಬಂದಿಲ್ಲ. ಅಬಕಾರಿ ಆದಾಯ ಬಿಡಲು ಯಾವ ಪಕ್ಷದ ಸರ್ಕಾರಕ್ಕೂ ಮನಸ್ಸಿಲ್ಲ, ಆ ಖುರ್ಚಿಯಲ್ಲಿ ನಾಳೆ ಹೆಂಗಸೇ ಕೂತರೂ ಈ ಲೆಕ್ಕ ಬದಲಾಗುತ್ತೆ ಅಂತ ನನಗೆ ಅನ್ನಿಸುವುದಿಲ್ಲ.